ಸಾಹೇಬರು ಕೇಳುವ ಒಂದೇ ಸಾಲು

ನಮ್ಮ ಸಾರಿಗೆ ಕಚೇರಿಯ ಟಪಾಲು ವಿಭಾಗದಲ್ಲಿ ನನ್ನ ಪಕ್ಕದ ಮೇಜಿನವಳಿಗೆ ನಾವು ಇಟ್ಟ ಅಡ್ಡಹೆಸರು 'ಮೊದಲ ಸಾಲು'. ಬಂದ ಅರ್ಜಿಗಳಿಗೆ ನಂಬರು ಹಾಕಿ, ಸಾಹೇಬರ ಕೋಣೆಗೆ ಒಯ್ದು, ಒಂದೊಂದರ ಮೊದಲ ಸಾಲನ್ನು ಗಟ್ಟಿಯಾಗಿ ಓದುವುದು ಅವಳ ಕೆಲಸ. ಎರಡನೇ ಸಾಲು ಕೇಳುವ ತಾಳ್ಮೆ ಸಾಹೇಬರಿಗಿಲ್ಲ. ಹಿಡಿಸಿದರೆ "ಮುಂದೆ?" ಅನ್ನುತ್ತಾರೆ, ಇಲ್ಲವಾದರೆ ಪೆನ್ನಿನಿಂದ ಒಂದು ಅಡ್ಡಗೆರೆ.

ಹತ್ತೊಂಬತ್ತು ವರ್ಷ ಇದನ್ನೇ ಮಾಡಿದ ಮೇಲೆ, ಲಕೋಟೆ ಒಡೆಯುವಾಗಲೇ ಅರ್ಜಿಯ ಹಣೆಬರಹ ಹೇಳುತ್ತಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡವಳು, ಕೂತು ಓದಿದ್ದನ್ನು ನಾನು ಕಂಡಿಲ್ಲ. ಬೀರುವಿಗೂ ಕಿಟಕಿಗೂ ನಡುವೆ ಓಡಾಡುತ್ತ ಗೊಣಗುತ್ತಿದ್ದಳು.

"ನೋಡ್ರೀ, 'ತಮ್ಮ ಅಮೂಲ್ಯ ಸಮಯ ಹಾಳು ಮಾಡುತ್ತಿರುವುದಕ್ಕೆ ಕ್ಷಮಿಸಿ' ಅಂತ ಶುರು ಮಾಡಿದ್ದಾನೆ. ಹಾಳು ಅಂತ ಅವನೇ ಒಪ್ಪಿಕೊಂಡ ಮೇಲೆ ಇವ್ರು ಯಾಕೆ ಕೇಳ್ತಾರೆ?"

ಅಂಥವಳ ಮನೆಗೇ ಅರ್ಜಿಯ ಸರದಿ ಬಂತು. ಜನ ಸಾಲದೆಂದು ಹದಿನಾಲ್ಕನೇ ನಂಬರಿನ ಬಸ್ಸು ನಿಲ್ಲಿಸುವ ಮಾತು ಎದ್ದಿತ್ತು. ಆ ಬಸ್ಸಿನಲ್ಲಿ ವಾರಕ್ಕೆ ಮೂರು ಸಲ ಅವಳ ಅಕ್ಕ ದೊಡ್ಡಾಸ್ಪತ್ರೆಗೆ ಹೋಗುತ್ತಿದ್ದಳು. ಮೂತ್ರಪಿಂಡ ಎರಡೂ ಕೈಕೊಟ್ಟು ಎರಡು ವರ್ಷ, ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಿಕೊಳ್ಳದಿದ್ದರೆ ಬದುಕಿಲ್ಲ. ಈ ವಿಷಯ ಗೊತ್ತಿದ್ದದ್ದು ತಂಗಿಗೆ, ತಂಗಿಯ ಬಾಯಿಂದ ನನಗೆ. ಅಕ್ಕ ದರ್ಜಿ, ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿ. ಗಿರಾಕಿಗಳಿಗೆ ದಾರ, ಗುಂಡಿ ತರಲು ಪೇಟೆಗೆ ಹೋಗಿದ್ದೆ ಎನ್ನುತ್ತಿದ್ದಳು. ಸೂಜಿ ಚುಚ್ಚಿದ ತೋಳು ಕಾಣದಂತೆ ಸುಡುಬಿಸಿಲಲ್ಲೂ ಉದ್ದ ತೋಳಿನ ಬಟ್ಟೆ. ಕಾಯಿಲೆಯವಳೆಂದು ಗೊತ್ತಾದರೆ, ಹೇಳಿದ ದಿನಕ್ಕೆ ಬಟ್ಟೆ ಸಿಗುತ್ತದೆಂದು ಯಾರು ನಂಬುತ್ತಾರೆ ಎಂಬುದು ಅವಳ ಚಿಂತೆ.

ಅಕ್ಕ ತಾನೇ ಬರೆದ ಅರ್ಜಿಯನ್ನು ತಂಗಿ ತಂದು ನನ್ನ ಮೇಜಿನ ಮೇಲೆ ಕುಕ್ಕಿದಳು. ನಾಲ್ಕು ಪುಟ. ಮೊದಲು ಸಾಹೇಬರ ಕ್ಷೇಮಸಮಾಚಾರ, ಆಮೇಲೆ ಕಂಡಕ್ಟರನ ಒಳ್ಳೆಯತನ, ಮುರಿದ ಸೀಟು, ನಿಲ್ದಾಣದ ಕೆಸರು. ಮೂರನೇ ಪುಟದಲ್ಲಿ ಎಲ್ಲೋ ಒಂದು ಕಡೆ, 'ನನಗೆ ಆಸ್ಪತ್ರೆಯಲ್ಲೂ ಸ್ವಲ್ಪ ಕೆಲಸವಿರುತ್ತದೆ'.

"ಸ್ವಲ್ಪ ಕೆಲಸವಂತೆ!" ಎಂದು ಹಲ್ಲು ಕಡಿದಳು.

ಮೂರು ದಿನ ಬರೆದಳು, ಹರಿದಳು, ಮತ್ತೆ ಬರೆದಳು. ಮೂರನೇ ಪುಟದ ಮಾತನ್ನು ಎತ್ತಿ ಮೊದಲಿಗೆ ತಂದಳು. ಒಂದು ಪ್ಯಾರಾ ಮುಗಿಯುವ ಮಾತನ್ನೇ ಹಿಡಿದುಕೊಂಡು ಮುಂದಿನದು ಏಳಬೇಕು, ನಡುವೆ ಕೇಳುವವನಿಗೆ ಆಕಳಿಸಲೂ ಜಾಗ ಇರಬಾರದು ಎನ್ನುತ್ತಿದ್ದಳು. ಕಂಡಕ್ಟರ್ ಹೋದ, ಕೆಸರು ಹೋಯಿತು. ಕೊನೆಗೆ ಒಂದೇ ಪುಟ ಉಳಿಯಿತು. ಅದರ ಮೊದಲ ಸಾಲು ಹೀಗಿತ್ತು: 'ವಾರಕ್ಕೆ ಮೂರು ದಿನ ನಾನು ಹೊಲಿಗೆ ಯಂತ್ರ ನಿಲ್ಲಿಸಿ, ನನ್ನ ರಕ್ತ ತೊಳೆಯುವ ಯಂತ್ರದ ಬಳಿಗೆ ಹದಿನಾಲ್ಕನೇ ನಂಬರಿನ ಬಸ್ಸಿನಲ್ಲಿ ಹೋಗುತ್ತೇನೆ.'

ಕೇಳಿ ನನ್ನ ಮೈ ಜುಮ್ಮೆಂದಿತು. "ಭೇಷ್!" ಅಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಸಹಿ ಹಾಕುವ ಮುಂಚೆ ಅಕ್ಕ ಕೇಳಿದ್ದು ಒಂದೇ ಮಾತಂತೆ. "ಇದನ್ನ ಸಾಹೇಬ್ರೊಬ್ರೇ ತಾನೇ ಕೇಳೋದು?"

"ಅವರೊಬ್ರೇ ಅಕ್ಕ. ನನ್ನಾಣೆ."

ಸುಳ್ಳಾಡಲಿಲ್ಲ ಅವಳು. ಅಲ್ಲಿಯತನಕ ಯಾವ ಅರ್ಜಿಯೂ ಸಾಹೇಬರ ಕೋಣೆಯ ಬಾಗಿಲು ದಾಟಿ ಹೊರಗೆ ಕೇಳಿಸಿದ್ದಿಲ್ಲ. ಆದರೆ ಬಸ್ಸಿನ ಅರ್ಜಿಗಳ ವಿಚಾರಣೆಯ ದಿನ ಅಕ್ಕನ ಬೀದಿಗೆ ಬೀದಿಯೇ ಎದ್ದು ಬಂತು. ಕೋಣೆ ಸಾಲದೆ ಸಾಹೇಬರು ಎಲ್ಲರನ್ನೂ ಸಭಾಂಗಣಕ್ಕೆ ಕರೆದರು. ನೆರೆಹೊರೆಯವರ ಒತ್ತಾಯಕ್ಕೆ ಅಕ್ಕನೂ ಬಂದು ಮೂರನೇ ಸಾಲಿನಲ್ಲಿ ಕೂತಿದ್ದಳು, ಎಡಬಲಕ್ಕೆ ಅವಳದೇ ಗಿರಾಕಿಗಳು.

ಅದು ತಂಗಿಯ ಕಣ್ಣಿಗೆ ಬಿತ್ತು. ಅಕ್ಕನ ಅರ್ಜಿಯನ್ನು ಕಟ್ಟಿನ ಅಡಿಗೆ ತಳ್ಳಿ ಉಳಿದವನ್ನು ಓದತೊಡಗಿದಳು. 'ಈ ಮೂಲಕ ತಮ್ಮಲ್ಲಿ ವಿನಂತಿಸುವುದೇನೆಂದರೆ' ಅಡ್ಡಗೆರೆ. 'ನಾಗರಿಕರಿಗೆ ತೀವ್ರ ತೊಂದರೆಯಾಗುವುದರಿಂದ' ಅಡ್ಡಗೆರೆ. ಮೂವತ್ತು ಅರ್ಜಿ, ಮೂವತ್ತು ಗೆರೆ. ಒಮ್ಮೆಯೂ "ಮುಂದೆ?" ಬರಲಿಲ್ಲ.

"ಇಷ್ಟೇನಾ? ಹಾಗಾದ್ರೆ ಬಸ್ಸು ನಿಲ್ಲಿಸೋಣ," ಎಂದು ಸಾಹೇಬರು ಪೆನ್ನಿನ ಮುಚ್ಚಳ ಹುಡುಕಿದರು.

ಅವಳು ಅಕ್ಕನ ಕಡೆ ನೋಡಿದಳು. ಅಕ್ಕ ಬೇಡವೆಂಬಂತೆ ತಲೆಯಾಡಿಸಿದಳು. ನಾನು ಕಣ್ಣಾರೆ ಕಂಡೆ.

"ಇನ್ನೊಂದಿದೆ ಸಾರ್," ಎಂದಳು ತಂಗಿ, ಮತ್ತು ಓದಿದಳು.

"ಮುಂದೆ?" ಎಂದರು ಸಾಹೇಬರು.

ಪುಟ ಪೂರ್ತಿ ಓದಿದಳು, ಹೆಸರು ಬಿಟ್ಟು. ಬಿಟ್ಟು ಏನು ಬಂತು? ಹೊಲಿಗೆ ಯಂತ್ರ ಎಂದಾಗಲೇ ಎಲ್ಲರ ತಲೆ ಮೂರನೇ ಸಾಲಿನತ್ತ ತಿರುಗಿತ್ತು. "ಯಾರಿದು? ಬಂದಿದಾರಾ?" ಎಂದು ಸಾಹೇಬರು ಕೇಳಿದಾಗ ಅಕ್ಕ ಎದ್ದು ನಿಂತಳು, ಬಟ್ಟೆಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಳ್ಳುತ್ತ. ಬಸ್ಸು ಉಳಿಯಿತು. ಜನ ಚಪ್ಪಾಳೆ ತಟ್ಟಿದರು.

ಅಕ್ಕ ತಂಗಿಯೊಡನೆ ಮಾತು ಬಿಟ್ಟಳು. ಎರಡು ವಾರ ತಂಗಿಗೆ ಊಟವೂ ಸೇರಲಿಲ್ಲ. "ಓದದೇ ಇದ್ದಿದ್ರೆ ಅವಳು ಉಳೀತಿದ್ಲೇನ್ರೀ?" ಎಂದು ದಿನಕ್ಕೆ ಹತ್ತು ಸಲ ಕೇಳುವಳು. ಒಂದು ಬೆಳಿಗ್ಗೆ ತಡೆಯಲಾರದೆ, ನನ್ನನ್ನೂ ಜೊತೆಗೆ ಎಳೆದುಕೊಂಡು ಅಕ್ಕನ ನಿಲ್ದಾಣಕ್ಕೆ ಹೊರಟಳು. ದಾರಿಯಲ್ಲಿ ಅಂಗಡಿಯೊಳಗೆ ಇಣುಕಿದೆವು. ಗಿರಾಕಿಗಳ ಬಟ್ಟೆ ತೂಗುಹಾಕುವ ಹಗ್ಗ ಬರಿದಾಗಿತ್ತು.

ನಾವು ತಲುಪುವುದಕ್ಕೂ ಹದಿನಾಲ್ಕನೇ ನಂಬರು ಬರುವುದಕ್ಕೂ ಸರಿಹೋಯಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಪಾಪ, ಅಕ್ಕ ಬಂದ್ರು, ಸೀಟು ಬಿಡ್ರಪ್ಪಾ!" ಎಂದು ಕೂಗಿದ. ಒಳಗೆ ನಾಲ್ಕೈದು ಜನ ಒಟ್ಟಿಗೆ ಎದ್ದರು. ಅಕ್ಕ ಹತ್ತಲಿಲ್ಲ. ಹೋಗಿ ಎಂದು ಕೈಬೀಸಿ ಬಸ್ಸು ಕಳಿಸಿದಳು.

"ಅಕ್ಕ, ಆಸ್ಪತ್ರೆ..." ಎಂದು ತಂಗಿ ಅಳತೊಡಗಿದಳು.

"ನಡ್ಕೊಂಡು ಹೋಗ್ತೀನಿ," ಎಂದಳು ಅಕ್ಕ. "ನೀನು ಬಸ್ಸು ಉಳಿಸಿದೆ ಕಣೇ, ನಿಜ. ನಾನು ಹತ್ತೋ ಹಾಗೆ ಉಳಿಸ್ಲಿಲ್ಲ."