ಬಾಗಿಲವಾಡದ ಕಾವಿ ಗುರುತು

ಭದ್ರಾವತಿಯಲ್ಲಿ ಹನ್ನೊಂದು ವರ್ಷ ಇದ್ದೆವು. ಅಷ್ಟೂ ವರ್ಷ, ಒಗೆದು ಹರವಿದ ಬಟ್ಟೆಯನ್ನು ಮೂಸಿ ನೋಡದೆ ನಾನು ಒಳಗೆ ತಂದವಳಲ್ಲ. ಕಾರ್ಖಾನೆಯ ಹೊಗೆ ಯಾವ ಹೊತ್ತಿನಲ್ಲಿ ಯಾವ ಕಡೆ ತಿರುಗುತ್ತದೆಂದು ಹೇಳಲು ಬರುತ್ತಿರಲಿಲ್ಲ. ಬಟ್ಟೆಯಷ್ಟೇ ಅಲ್ಲ, ಹಾಲು, ತುಪ್ಪ, ನೆಂಟರ ಮಾತು ಎಲ್ಲವನ್ನೂ ಹಾಗೆ ಮೂಸಿ ನೋಡುವುದೇ ನನ್ನ ಸ್ವಭಾವ. ದೇವಸ್ಥಾನದಲ್ಲಿ ಕೊಟ್ಟ ತೀರ್ಥವನ್ನೂ ಮೂಸಿಯೇ ಕುಡಿಯುವವಳು ಎಂದು ನಮ್ಮ ಯಜಮಾನರು ಹಾಸ್ಯ ಮಾಡುತ್ತಿದ್ದರು. ಮಾಡಲಿ. ಈ ಬುದ್ಧಿ ಕಲಿಸಿದವನು ನಮ್ಮಪ್ಪ. ಯಾರು ಏನು ಹೇಳಿದರೂ ಒಂದು ಸಲ ಅನುಮಾನಪಟ್ಟು ನೋಡು ಮಗಾ ಎಂದು ಚಿಕ್ಕಂದಿನಿಂದಲೂ ಹೇಳಿಕೊಟ್ಟಿದ್ದ. ಅಪ್ಪನೊಬ್ಬನನ್ನು ಬಿಟ್ಟು ಉಳಿದವರೆಲ್ಲರ ಮೇಲೂ ನಾನು ಆ ವಿದ್ಯೆಯನ್ನು ಬಳಸಿದೆ.

ಮೂವತ್ತರ ದಶಕದ ಮೊದಲ ವರ್ಷಗಳಲ್ಲಿ ಯಜಮಾನರಿಗೆ ಶಿವಮೊಗ್ಗದ ಒಂದು ಮರದ ಡಿಪೋದಲ್ಲಿ ಕೆಲಸ ಸಿಕ್ಕಿತು. ಶಿವಮೊಗ್ಗ ನಾನು ಹುಟ್ಟಿದ ಊರು. ಹಿಂತಿರುಗುವುದಕ್ಕೆ ನನಗಿದ್ದ ಆಸೆ ಮಾತ್ರ ತವರಿನದಲ್ಲ, ಮಗಳದು. ಅವಳಿಗೆ ಹತ್ತು ತುಂಬುತ್ತಿತ್ತು. ನಾಲ್ಕನೇ ತರಗತಿ ಮುಗಿಸಿದ್ದಳು. ಮುಂದೆ ಹುಡುಗರ ಜೊತೆ ಕೂರಿಸಲು ನಮ್ಮ ಅತ್ತೆ ಒಪ್ಪುತ್ತಿರಲಿಲ್ಲ. ಶಿವಮೊಗ್ಗದಲ್ಲಾದರೆ ಹೆಣ್ಣುಮಕ್ಕಳದೇ ಮಿಡ್ಲ್ ಸ್ಕೂಲು ಇತ್ತು. ಅಲ್ಲಿ ಸೇರದಿದ್ದರೆ ನಾದಿನಿಯ ಮನೆಯವರು ಆಗಲೇ ಹೇಳಿ ಕಳಿಸಿದ್ದ ಸಂಬಂಧವೇ ಗಟ್ಟಿಯಾಗುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ನನಗೂ ಹಾಗೇ ಆಗಿತ್ತು.

ನನ್ನ ಓದನ್ನು ಪ್ಲೇಗು ತಿಂದಿತು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ನಮ್ಮ ಬೀದಿಯ ಕೂಲಿಮಠದಲ್ಲಿ, ಒಂದು ಮನೆಯ ಜಗಲಿಯ ಮೇಲೆ ಕೂತು, ಎರಡು ವರ್ಷ ಅಕ್ಷರ ಕಲಿತಿದ್ದೆ. ಆಮೇಲೆ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿಯೊಬ್ಬರು ಮನೆಗೇ ಬಂದು ನನ್ನ ಹೆಸರು ಬರೆದುಕೊಂಡರು. ಅಪ್ಪ ಅವರಿಗೆ ಹಾಲು ಕೊಡಿಸಿ, ಕಳಿಸ್ತೀವಿ ಎಂದ. ಅಷ್ಟರಲ್ಲಿ ಊರಿನಲ್ಲಿ ಇಲಿ ಬಿತ್ತು. ಈಗಿನವರಿಗೆ ಈ ಮಾತಿನ ಹೆದರಿಕೆ ಗೊತ್ತಾಗಲಾರದು. ಮನೆಯಲ್ಲಿ ಸತ್ತ ಇಲಿ ಬಿದ್ದರೆ ಪ್ಲೇಗು ಬಂತೆಂದೇ ಅರ್ಥ. ಮನೆ ಬಿಟ್ಟು, ನವುಲೆಯ ದಾರಿಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ನಾಲ್ಕು ತಿಂಗಳು ಇದ್ದೆವು.

ತಿರುಗಿ ಬಂದ ಮೇಲೆ ಒಂದು ಸಂಜೆ ನಮ್ಮ ಬಾಗಿಲವಾಡದ ಮೇಲೆ ಅಂಗೈ ಅಗಲದ ಕಾವಿಯ ಸುತ್ತು ಕಂಡಿತು. ಇದೇನು ಎಂದು ಅಪ್ಪನನ್ನು ಕೇಳಿದೆ. ಪ್ಲೇಗಿನವರ ಗುರುತು, ಮುಟ್ಟಬೇಡ, ಕಾಯಿಲೆ ಇನ್ನೂ ಹೋಗಿಲ್ಲ, ಸ್ಕೂಲೂ ತೆಗೆದಿಲ್ಲ ಎಂದ. ಹೆಗಲ ಮೇಲಿನ ಟವೆಲನ್ನು ಒದ್ದೆ ಮಾಡಿಕೊಂಡು ತಾನೇ ಒರೆಸಿ ಹಾಕಿದ. ನಾನು ಹಳೆಯ ಪುಸ್ತಕವನ್ನೇ ಕೂಗಿ ಕೂಗಿ ಓದುತ್ತಿದ್ದೆ. ಅಪ್ಪ ಪಕ್ಕಕ್ಕೆ ಬಂದು ಕೂತು, "ಮನಸಲ್ಲೇ ಓದ್ಕೋ ಮಗಾ, ಗಾಳಿ ಚೆನ್ನಾಗಿಲ್ಲ, ಬಾಯಿ ತೆರೀಬಾರದು" ಎಂದು ತಲೆ ಸವರಿದ. ಮುಂದಿನ ವರ್ಷ ನನಗೆ ಗಂಡು ನೋಡಿದರು. ಈಗ ಇದನ್ನು ಬರೆಯುವಷ್ಟು ಓದು ಬಂದದ್ದು ಮಗಳ ಪುಸ್ತಕಗಳನ್ನು ಅವಳು ಮಲಗಿದ ಮೇಲೆ ತಿರುವಿ ಹಾಕಿದ್ದರಿಂದ.

ಹೀಗೆ ಪ್ಲೇಗಿನ ಮೇಲೆ ಹಳೆಯ ಸಿಟ್ಟು ಇಟ್ಟುಕೊಂಡೇ ಮನೆ ನೋಡಲು ರೈಲು ಹತ್ತಿದೆ. ಕೋಟೆಯ ಕಡೆ ಹೊಳೆಗೆ ಹತ್ತಿರವಾಗಿ ಒಂದು ಮನೆ ಇತ್ತು. ನೀರಿಗೆ ಅನುಕೂಲ ಎಂದು ಮನೆಯ ಮಾಲೀಕರು ಹೊಗಳಿದರು. ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಒಂದು ಮಾಸಲು ಗೆರೆ ಇತ್ತು. ಮಳೆಗಾಲದಲ್ಲಿ ನೀರು ತಾನೇ ಮನೆಯೊಳಗೆ ಬರುವ ಅನುಕೂಲವದು ಎಂದು ಅರ್ಥವಾಯಿತು. ದುರ್ಗಿಗುಡಿಯ ಮನೆ ಹಾಲಿನಂತೆ ಬೆಳ್ಳಗಿತ್ತು. ಹಬ್ಬವಿಲ್ಲ, ಮದುವೆಯಿಲ್ಲ, ಹೊಸದಾಗಿ ಸುಣ್ಣ ಯಾಕೆ ಹೊಡೆಸಿದಿರಿ ಎಂದು ಕೇಳಿದೆ. ಮಾಲೀಕರು ಮಾತು ಬದಲಿಸಿ ಹಿತ್ತಲು ತೋರಿಸಲು ಹೊರಟರು. ಸುಣ್ಣದ ಕೆಳಗೆ ಏನಿದೆಯೋ ಎಂದು ನಾನು ಉಗುರಿನಿಂದ ಕೆರೆಯಲು ಹೋದಾಗ ಯಜಮಾನರು ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು.

ಮೂರನೆಯದು ಮಾರ್ಕೆಟ್ಟಿನ ಹಿಂದಿನ ಬೀದಿ. ಮನೆ ಒಪ್ಪಿಗೆಯಾಯಿತು. ಬಾವಿ ಇತ್ತು, ಹಿತ್ತಲು ಇತ್ತು, ಸ್ಕೂಲು ಕೂಗಳತೆಯಲ್ಲಿತ್ತು. ಹೊರಗೆ ಬಂದು ಬೀದಿಯನ್ನೊಮ್ಮೆ ನೋಡಿದೆ. ಎದುರು ಮನೆಯ ಬಾಗಿಲವಾಡದ ಮೇಲೆ ಕಾವಿಯ ಸುತ್ತು. ಪಕ್ಕದ ಮನೆಗೂ ಇತ್ತು. ಎಣಿಸುತ್ತಾ ಹೋದೆ, ಏಳು ಮನೆಗೆ. ಈ ಮನೆಯೂ ಬೇಡ ಎಂದೆ.

"ಮಾರಾಯ್ತಿ, ಇನ್ನೆಷ್ಟು ಮನೆ ನೋಡ್ತೀಯ?" ಎಂದರು ಯಜಮಾನರು.

ಈ ಬೀದಿಯಲ್ಲಿ ಇಲಿ ಬಿದ್ದಿದೆ, ಇಲ್ಲಿ ಮಗು ಕಟ್ಟಿಕೊಂಡು ಇರಲಾರೆ ಎಂದೆ. ಮನೆಯಾಕೆ ಬೆರಗಾಗಿ ನನ್ನನ್ನೇ ನೋಡುತ್ತಿದ್ದರು. ಬಾಡಿಗೆ ತಪ್ಪುವ ಹೆದರಿಕೆಗೆ ನಾಟಕ ಆಡುತ್ತಿದ್ದಾರೆ ಎಂದುಕೊಂಡು, ಕೊಟ್ಟ ಎಲೆ ಅಡಿಕೆಯನ್ನೂ ಅಲ್ಲೇ ಬಿಟ್ಟು ಬಂದೆ.

ಕೊನೆಗೆ ಹಿಡಿದದ್ದು ಸೀಗೇಹಟ್ಟಿಯ ಕಡೆ ಒಂದು ಮನೆ. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ಪ್ರತಿಯೊಂದು ಬಾಗಿಲನ್ನೂ ನೋಡಿದ್ದೆ. ಎಲ್ಲೂ ಒಂದು ಚುಕ್ಕೆ ಗುರುತು ಇರಲಿಲ್ಲ. ಸ್ಕೂಲು ದೂರವಾದರೂ ಚಿಂತೆಯಿಲ್ಲ, ಬೀದಿ ಶುದ್ಧವಾಗಿದೆ ಎಂದು ಸಮಾಧಾನಪಟ್ಟೆ.

ಯಜಮಾನರು ಹೋಗಿ ಮಗಳ ಹೆಸರು ಬರೆಸಿ ಬಂದರು. ಶಾಲೆಯ ಆಯಾ ಮನೆಮನೆಗೆ ಹೋಗಿ ಹುಡುಗಿಯರನ್ನು ಕರೆದುಕೊಂಡು ಹೋಗುತ್ತಾಳಂತೆ, ನಾಡಿದ್ದಿನಿಂದ ನಮ್ಮ ಮನೆಗೂ ಬರುತ್ತಾಳೆಂದು ಹೆಡ್‌ಮಿಸ್ಟ್ರೆಸ್ ಹೇಳಿದ್ದರು. ಮಾರನೆಯ ದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೋದರೆ, ನಮ್ಮ ಬಾಗಿಲವಾಡದ ಮೇಲೆ ಕಾವಿಯ ಸುತ್ತು. ಇಡೀ ಬೀದಿಯಲ್ಲಿ ನಮ್ಮದಕ್ಕೊಂದೇ. ಅಟ್ಟ ಹತ್ತಿ ಮೂಲೆಮೂಲೆ ಹುಡುಕಿದೆ, ಇಲಿ ಸಿಗಲಿಲ್ಲ. ಅಪ್ಪ ಮಾಡಿದಂತೆಯೇ ಒದ್ದೆ ಬಟ್ಟೆ ತಂದು ಒರೆಸಿದೆ.

ಅದರ ಮಾರನೆಯ ದಿನ ಮಗಳು ಜಡೆ ಹಾಕಿಸಿಕೊಂಡು, ಚೀಲ ಹಿಡಿದು ಜಗಲಿಯ ಮೇಲೆ ಕೂತಳು. ಆಯಾ ಬರಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಗುರುತು ಮತ್ತೆ ಬಂದಿತ್ತು. ಅಂದೂ ಒರೆಸಿದೆ. ಆಯಾ ಅಂದೂ ಬರಲಿಲ್ಲ. ಹೀಗೇ ಎಂಟು ದಿನ ನಡೆಯಿತು. ಈ ಎಂಟು ದಿನದಲ್ಲಿ ನಾನು ಅನುಮಾನಪಡದ ಮನುಷ್ಯರಿಲ್ಲ. ಗುರುತು ಹಾಕುವವರು ಪಕ್ಕದ ಮನೆಯವರು, ಭದ್ರಾವತಿಯವರೆಂದು ನಮ್ಮನ್ನು ಓಡಿಸಲು ನೋಡುತ್ತಿದ್ದಾರೆ ಎಂದುಕೊಂಡೆ. ಹಾಸಿಗೆ ಹಿಡಿದಿದ್ದ ಅತ್ತೆ, ಯಾರೋ ಮಾಟ ಮಾಡಿಸಿದ್ದಾರೆ ಎಂದರು. ಕರೆಯಲು ಬಾರದ ಸ್ಕೂಲಿನವರ ಮೇಲೂ ಸಿಟ್ಟು ಬಂತು. ಸಾಹೇಬರ ಮಕ್ಕಳಾಗಿದ್ದರೆ ಬರುತ್ತಿದ್ದರು, ಕೂಲಿಯವರ ಮಕ್ಕಳೆಂದು ಬಿಟ್ಟಿದ್ದಾರೆ ಎಂದು ಹಲ್ಲು ಕಡಿದೆ. ನಾನೇ ಕರೆದುಕೊಂಡು ಹೋಗೋಣವೆಂದರೆ ಅತ್ತೆಯನ್ನು ಬಿಟ್ಟು ಅಷ್ಟು ದೂರ ಹೋಗುವ ಹಾಗಿರಲಿಲ್ಲ. ಮಗಳು ಬೇಸರ ಕಳೆಯಲು ನಡುಮನೆಯಲ್ಲಿ ಕೂತು ಪುಸ್ತಕವನ್ನು ರಾಗವಾಗಿ ಓದುತ್ತಿದ್ದಳು.

ಒಂಬತ್ತನೆಯ ದಿನ, ಸ್ಕೂಲಿನವರು ಡಿಪೋಗೆ ಕಳಿಸಿದ್ದ ಚೀಟಿಯನ್ನು ಯಜಮಾನರು ತಂದರು. ಸೋಮವಾರದೊಳಗೆ ಹುಡುಗಿ ಬಾರದಿದ್ದರೆ ಹೆಸರು ತೆಗೆಯುತ್ತಾರಂತೆ. ಅತ್ತೆ ಮಲಗಿದಲ್ಲಿಂದಲೇ, ಆ ಸಂಬಂಧಕ್ಕೆ ಹೂಂ ಅಂದುಬಿಡಿ ಎಂದರು. ಯಜಮಾನರು ಬೇಡವೆನ್ನಲಿಲ್ಲ.

ಅಂದು ಸಂಜೆ ಗುರುತು ಹಾಕುವವರನ್ನು ಹಿಡಿದೇ ತೀರಬೇಕೆಂದು ಬಾಗಿಲ ಹಿಂದೆ ನಿಂತೆ. ಸ್ಕೂಲು ಬಿಟ್ಟು ಸ್ವಲ್ಪ ಹೊತ್ತಾಗಿತ್ತು. ಐವತ್ತರ ಹತ್ತಿರದ ಒಬ್ಬ ಹೆಂಗಸು ಬಂದು ಸೆರಗಿನ ಗಂಟಿನಿಂದ ಕಾವಿಯ ಉಂಡೆ ತೆಗೆದು ಬಾಗಿಲವಾಡಕ್ಕೆ ಹಚ್ಚತೊಡಗಿದಳು. ಗಬಕ್ಕನೆ ಅವಳ ಮುಂಗೈ ಹಿಡಿದೆ. ಯಾರು ನೀನು, ಯಾರು ಕಳಿಸಿದರು ಎಂದು ಗದರಿಸಿದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ತಾನು ಸ್ಕೂಲಿನ ಆಯಾ, ಓದು ಬಾರದವಳು, ಯಾವ ಮನೆಯಲ್ಲಿ ಕರೆಯಬೇಕಾದ ಹುಡುಗಿ ಇದ್ದಾಳೆಂದು ನೆನಪಿಗೆ ಕಾವಿ ಹಚ್ಚುತ್ತೇನೆ ಎಂದಳು.

"ನೀವೇ ಬ್ಯಾಡ ಅಂತ ಅಳಿಸ್ತಿದೀರಿ ಅಂದ್ಕೊಂಡಿದ್ದೆ ಕಣಮ್ಮ. ಕಳ್ಸಕ್ಕೆ ಮನಸ್ಸಿಲ್ದೋರು ಬಾಯಿಬಿಟ್ಟು ಹೇಳಲ್ಲ, ಗುರುತು ಅಳಿಸ್ತಾರೆ. ನಾವೂ ಕರೆಯಲ್ಲ. ಜಗಳ ಇಲ್ಲ, ರಂಪ ಇಲ್ಲ."

ಹಾಗಾದರೆ ದಿನಾ ಮತ್ತೆ ಯಾಕೆ ಹಾಕಿದೆ ಎಂದು ಕೇಳಿದೆ.

"ಒಳಗೆ ಮಗು ಓದೋದು ಬೀದಿಗೆ ಕೇಳಿಸ್ತಿತ್ತಲ್ಲಮ್ಮ. ಇಷ್ಟು ಚೆಂದ ಓದೋ ಮಗೂನ ಬಿಡಕ್ಕೆ ಮನಸ್ಸು ಬರ್ಲಿಲ್ಲ."

ನನಗೆ ಆ ಏಳು ಬಾಗಿಲುಗಳ ನೆನಪಾಯಿತು. ಹೆಣ್ಣುಮಕ್ಕಳನ್ನು ಓದಿಸುವ ಬೀದಿಯನ್ನು ಪ್ಲೇಗಿನ ಬೀದಿ ಎಂದು ಒದ್ದು ಬಂದು, ಒಂದು ಹೆಣ್ಣೂ ಸ್ಕೂಲಿಗೆ ಹೋಗದ ಬೀದಿಯನ್ನು ಶುದ್ಧವೆಂದು ಹಿಡಿದಿದ್ದೆ. ಆದರೂ ಸೋಲಲು ಮನಸ್ಸಿಲ್ಲದೆ, ಪ್ಲೇಗಿನ ಮನೆಗೂ ಇಂಥದೇ ಗುರುತು ಹಾಕುತ್ತಿದ್ದರಲ್ಲ ಎಂದು ವಾದ ಮಾಡಿದೆ.

"ಇಲ್ಲಮ್ಮ," ಎಂದಳು ಆಯಾ. "ಪ್ಲೇಗಿಗೆ ಟಾರಲ್ಲಿ ಗೀಟು ಹಾಕೋರು. ಉಜ್ಜಿದ್ರೂ ಹೋಗ್ತಿರ್ಲಿಲ್ಲ. ಕಾವಿ ಸುತ್ತು ನಮ್ಮ ಇಸ್ಕೂಲಿಂದೇ. ನನಗಿಂತ ಮುಂಚೆ ನಮ್ಮತ್ತೆ ಹಾಕೋರು."

ಅವಳ ಕೈ ಬಿಟ್ಟೆ. ಜಗಲಿಯ ಮೇಲೆ ಕೂತೆ. ಅಪ್ಪನ ಒದ್ದೆ ಟವೆಲಿಗೆ ಎಷ್ಟು ಸುಲಭವಾಗಿ ಅಳಿಸಿಹೋಗಿತ್ತು ಆ ಗುರುತು. ಪಕ್ಕಕ್ಕೆ ಬಂದು ಕೂತು ತಲೆ ಸವರಿದ ಕೈ, ಗಾಳಿ ಚೆನ್ನಾಗಿಲ್ಲ ಎಂದ ಮಾತು. ಆ ಮಾತನ್ನು ನಾನು ಇಪ್ಪತ್ತು ವರ್ಷ ಅಪ್ಪನ ಪ್ರೀತಿ ಎಂದು ಜೋಪಾನ ಮಾಡಿಕೊಂಡು ಬಂದಿದ್ದೆ. ಪ್ರೀತಿ ಇರಲಿಲ್ಲವೆಂದು ಈಗಲೂ ಹೇಳಲಾರೆ. ಆದರೆ ಆಗ ಬೀದಿಯಲ್ಲಿ ಯಾರೋ ಕಾವಿಯ ಉಂಡೆ ಹಿಡಿದುಕೊಂಡು ಕಿವಿಗೊಟ್ಟು ನಿಂತಿದ್ದಿರಬೇಕು. ಅದು ಅಪ್ಪನಿಗೆ ಗೊತ್ತಿತ್ತು. ಕೇಳೋಣವೆಂದರೆ ಅಪ್ಪ ಸತ್ತು ಆರು ವರ್ಷವಾಗಿತ್ತು.

ಆಯಾ ಹೊರಟಾಗ ಅವಳ ಕೈಯಿಂದ ಕಾವಿ ಇಸಿದುಕೊಂಡು, ಅರ್ಧ ಆಗಿದ್ದ ಸುತ್ತನ್ನು ನಾನೇ ಪೂರ್ತಿ ಮಾಡಿದೆ. ಒಳಗೆ ಮಗಳು, ಅಜ್ಜಿಗೆ ನಿದ್ದೆ ಹತ್ತಿದೆ ಎಂದು ತುಟಿ ಮಾತ್ರ ಆಡಿಸುತ್ತಾ ಓದುತ್ತಿದ್ದಳು. ಗಟ್ಟಿಯಾಗಿ ಓದು ಎಂದೆ. ಅಜ್ಜಿ ಏಳುತ್ತಾಳೆ ಎಂದಳು.

"ಏಳಲಿ," ಎಂದು ಬೀದಿಬಾಗಿಲನ್ನು ಪೂರ್ತಿ ತೆರೆದಿಟ್ಟು ಬಂದೆ.