ಅಥೆನ್ಸ್ ಸೋತ ಮೇಲಿನ ಸಭೆಗಳು

ಹೈಸ್ಕೂಲಿನಲ್ಲಿ ಅಥೆನ್ಸ್ ಎಂದರೆ ಪ್ರಜಾಪ್ರಭುತ್ವದ ತವರು. ಅಲ್ಲಿಗೆ ಪಾಠ ಮುಗಿಯಿತು. ಆಮೇಲೆ ಆ ಊರಿಗೆ ಏನಾಯಿತೆಂದು ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನನಗದು ಗೊತ್ತಾದದ್ದು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದಾಗ, ಕಂಪನಿ ಬಸ್ಸಿನಲ್ಲಿ ಮೊಬೈಲು ನೋಡುತ್ತಾ.

ನಾವು ಕರಾವಳಿಯ ಐದು ಜನ ಒಂದೇ ರೂಮಿನಲ್ಲಿದ್ದೆವು. ವಾರದ ಅಡುಗೆ ಏನೆಂದು ಪ್ರತಿ ಶುಕ್ರವಾರ ಕೈ ಎತ್ತಿ ತೀರ್ಮಾನಿಸುತ್ತಿದ್ದೆವು. ಈ ಪದ್ಧತಿ ತಂದವರು ಹಿರಿಯ ವೆಲ್ಡರ್. ಬ್ಯಾರಿ ಮುಸ್ಲಿಮರಾದ ಅವರನ್ನು ನಾವೆಲ್ಲ ಕರೆಯುತ್ತಿದ್ದದ್ದು ಕಾಕ ಎಂದು. ಅವರ ಕಣ್ಣು ಮಂಜಾಗುತ್ತಿತ್ತು, ಕಂಪನಿ ವೀಸಾ ನವೀಕರಿಸುತ್ತದೋ ಇಲ್ಲವೋ ಎಂದು ಎಲ್ಲರಿಗೂ ಆತಂಕ. ಅಷ್ಟರಲ್ಲಿ ಕಂಪನಿ ಅಡುಗೆಮನೆಗೆ ಬೀಗ ಹಾಕಿ ಹೊರಗಿನ ಊಟ ತರಿಸತೊಡಗಿತು. ಆದರೂ ಕಾಕ ಸಭೆ ನಿಲ್ಲಿಸಲಿಲ್ಲ. ಬರುವುದು ಅದೇ ನೀರು ಸಾರು, ನಾವು ಮಾತ್ರ ಬಂಗುಡೆಗೋ ಕೋಳಿಗೋ ಎಂದು ಕೈ ಎತ್ತಬೇಕು! ನನಗೆ ಮೈ ಉರಿಯುತ್ತಿತ್ತು.

ಅಥೆನ್ಸಿನ ಕತೆ ಓದಿದ ಮೇಲೆ ಆ ಸಿಟ್ಟು ಇಳಿಯಿತು. ಶುಕ್ರವಾರ ಅದನ್ನೇ ಎಲ್ಲರಿಗೂ ಹೇಳಿದೆ. ಮ್ಯಾಸಿಡೋನಿಯಾದವರು ಗೆದ್ದು, ಬಂದರಿನ ಗುಡ್ಡದ ಮೇಲೆ ಸೈನ್ಯ ಕೂರಿಸಿದರು. ಆಸ್ತಿಯಿಲ್ಲದವರ ಮತದ ಹಕ್ಕು ಕಿತ್ತುಕೊಂಡರು. ಬಿಡಿಸಲು ಬಂದ ರಾಜನೊಬ್ಬನನ್ನು ಊರವರು ತಮ್ಮ ದೇವಿಯ ಗುಡಿಯಲ್ಲೇ ಬಿಡಾರ ಕೊಟ್ಟು ಇಳಿಸಿದರಂತೆ, ಓಲೈಕೆಗೂ ಒಂದು ಮಿತಿ ಬೇಡವೇ! ಮತ್ತೆ ಸೈನ್ಯ, ಮತ್ತೆ ಬಿಡುಗಡೆ. ಮುಂದೆ ರೋಮಿನವರು ಬಂದು ಊರನ್ನೇ ಸೂರೆ ಮಾಡಿದರು. ಇಷ್ಟಾದರೂ ಶತಮಾನಗಳ ಕಾಲ ಊರವರ ಸಭೆ ಸೇರುತ್ತಲೇ ಇತ್ತು. ಪ್ರತಿ ತೀರ್ಮಾನವನ್ನೂ ಜನ ಒಪ್ಪಿದ್ದಾರೆ ಎಂದು ಕಲ್ಲಿನಲ್ಲಿ ಕೆತ್ತಿಸುತ್ತಲೇ ಇದ್ದರು. ಎಂಥ ಜನವಪ್ಪಾ ಎಂದು ನಾನು ಬೆರಗಾಗಿ ಹೋಗಿದ್ದೆ.

“ಮೇಲೆ ಬೇರೆಯವರ ಸೈನ್ಯ, ಕೆಳಗೆ ಇವರ ಮೀಟಿಂಗಾ? ಎಂಥ ಪ್ರಯೋಜನ ಮಾರಾಯ್ರೆ?” ಎಂದ ಪಕ್ಕದ ಮಂಚದ ಎಲೆಕ್ಟ್ರಿಷಿಯನ್.

“ಮತ್ತೆಂಥ ಮಾಡ್ಬೇಕಿತ್ತು ಅವರು? ಮನೆಯಲ್ಲಿ ಬಿದ್ಕೊಳ್ಳುದಾ?” ಎಂದು ಕಾಕ ರೇಗಿದರು.

ಮುಂದಿನ ವಾರವೇ ಆಫೀಸಿನಿಂದ ಉತ್ತರ ಬಂತು. ಕಾಕನ ವೀಸಾ ಖಲಾಸ್, ಶನಿವಾರದ ವಿಮಾನಕ್ಕೆ ಟಿಕೆಟ್ಟೂ ಆಗಿದೆ.

ಶುಕ್ರವಾರ ಕಾಕ ನೆಲದ ಮೇಲೆ ಕೂತು ತಮ್ಮ ಕಾರ್ಟನ್‌ಗೆ ಹಗ್ಗ ಬಿಗಿಯುತ್ತಿದ್ದರು. ಸಭೆ ಕರೆಯಲು ಅವರಿಗೆ ಮನಸ್ಸಿರಲಿಲ್ಲ. ನನಗೆ ಸಂಕಟ ತಡೆಯಲಾಗಲಿಲ್ಲ.

“ಕಾಕ ಇಲ್ಲೇ ಇರ್ಬೇಕು ಅನ್ನುವವರು ಕೈ ಎತ್ತಿ,” ಎಂದೆ.

ನಾವು ನಾಲ್ವರೂ ಎತ್ತಿದೆವು. ಯಾರೂ ನಗಲಿಲ್ಲ. ಕಾಕ ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ ಹಗ್ಗ ಬಿಟ್ಟು, ತಾವೂ ಕೈ ಎತ್ತಿದರು.