ಚಾಕಲೇಟ್ ಪ್ರಿಯೆಯ ಬಾಯಾರಿಕೆ

ಚಾಕಲೇಟ್ ತಿನ್ನುವಾಗ ಸಂತೋಷವಾಗುತ್ತದೆಯೋ, ನೆಮ್ಮದಿ ಸಿಗುತ್ತದೆಯೋ, ಬಾಲ್ಯ ನೆನಪಾಗುತ್ತದೆಯೋ ಎಂದು ನಾನು ಮೊಬೈಲ್ ನೋಡಿ ಕೇಳಿದಾಗ, ಕುರುಗೋಡಿನಿಂದ ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಕ್ಕೆ ದಿನವೂ ಬರುವ ಈರಮ್ಮ ಮಷಿನ್ ನಿಲ್ಲಿಸದೆಯೇ ನಕ್ಕರು. ಮಿಠಾಯಿ ಕಂಪನಿಯೊಂದರ ಗ್ರಾಹಕ ಸಮೀಕ್ಷೆ ನಡೆಸುವುದು ಎಂ.ಎ. ಮುಗಿಸಿದ ನನಗೆ ಸಿಕ್ಕ ಮೊದಲ ಕೆಲಸ.

“ಬರ್ಕೋರಿ ಮೇಡಂ, ಈಕಿ ಚೀಲದಾಗ ಬುತ್ತಿಗಿಂತ ಚಾಕಲೇಟ ಜಾಸ್ತಿ!” ಎಂದು ಪಕ್ಕದ ಮಷಿನ್‌ನಾಕೆ ಛೇಡಿಸಿದಳು.

“ನೀ ಸುಮ್ನಿರ” ಎಂದು ಅವಳನ್ನು ಗದರಿದ ಈರಮ್ಮ, ಬಾಯಲ್ಲಿದ್ದ ಹುಳಿ ಚಾಕಲೇಟನ್ನು ದವಡೆಗೆ ಸರಿಸಿಕೊಂಡರು. “ನೀರು ಕುಡಿದ್ರ ಬಾತ್‌ರೂಮಿಗಿ ಹೋಗಬೇಕಾಗತೈತಿ ತಂಗಿ. ಅದರ ಚಾವಿ ಮೇಸ್ತ್ರಿ ಜೇಬಿನಾಗ ಐತಿ. ಇಷ್ಟು ಗಂಡಸ್ರ ಮುಂದ ಕೇಳಾಕ ನಾಚಿಕಿ. ಅದಕ್ಕ ಬಾಯಿ ಒಣಗಿದಾಗೆಲ್ಲ ಇದೊಂದು ಹಾಕ್ಕೊಂತೀನಿ.”

ಮೊಬೈಲಿನಲ್ಲಿ ಈ ಉತ್ತರಕ್ಕೆ ಜಾಗವಿರಲಿಲ್ಲ, ‘ಇತರೆ’ ಒತ್ತಿದೆ. ಪದೇಪದೇ ತಿನ್ನುತ್ತಾರೆ ಎಂಬುದನ್ನಷ್ಟೇ ಗಣನೆಗೆ ತೆಗೆದುಕೊಂಡ ತಂತ್ರಾಂಶ, ಈರಮ್ಮನನ್ನು ‘ಸ್ವಾದವನ್ನು ಸಂಭ್ರಮಿಸುವ ನಿಷ್ಠಾವಂತ ಗ್ರಾಹಕಿ’ ಎಂದು ಘೋಷಿಸಿತು. ಕಂಪನಿಯ ನಿಯಮದಂತೆ ನಾನು ಕೃತಜ್ಞತೆಯ ಕಾಣಿಕೆಯನ್ನೂ ಕೊಟ್ಟೆ: ಇನ್ನೊಂದು ಪೊಟ್ಟಣ ಚಾಕಲೇಟ್.

ಬಾಯಾರಿಕೆಯನ್ನು ಅಭಿರುಚಿ ಎಂದು ಬರೆದುಕೊಂಡ ಕಂಪನಿಯ ಮಾತು ಹಾಗಿರಲಿ. ಹೆಂಗಸರ ಶೌಚಾಲಯದ ಚಾವಿ ಗಂಡಸಿನ ಜೇಬಿನಲ್ಲೇಕಿದೆ ಎಂದು ಕೇಳಬೇಕಾದ ಕಾರ್ಮಿಕ ಅಧಿಕಾರಿಗಳು ಇನ್ನಾವ ಸಮೀಕ್ಷೆಗೆ ಕಾಯುತ್ತಿದ್ದಾರೆ? ಬೇಸಗೆಯ ಒಂದು ಮಧ್ಯಾಹ್ನ ಅವರೂ ಆ ಘಟಕಕ್ಕೆ ಬಂದು, ಹೊಟ್ಟೆ ತುಂಬ ನೀರು ಕುಡಿದು, ಎಲ್ಲರೆದುರು ಮೇಸ್ತ್ರಿಯ ಬಳಿ ಚಾವಿ ಕೇಳಲಿ.